ಮೂಡಣ ಸೀಮೆಯ ಕಿವಿ, ಇಂಗ್ಲಿಷಿನ ದನಿ



ಇಂಗ್ಲಿಷಿನ ಧ್ವನಿವಿಜ್ಞಾನ, ಧ್ವನಿಮಾವಿಜ್ಞಾನ ಮತ್ತು ಪದರಚನೆ ಎಂಬ ಮೂರು ವಿಷಯಗಳು ನಮ್ಮ ಪದವಿ ತರಗತಿಗಳಲ್ಲಿ ಸಾಮಾನ್ಯವಾಗಿ ಒಂದೇ ಪತ್ರಿಕೆಯ ಬೇರೆ ಬೇರೆ ಘಟಕಗಳಾಗಿ ಬರುತ್ತವೆ. ವಿದ್ಯಾರ್ಥಿಗಳು ನಲವತ್ತನಾಲ್ಕು ಚಿಹ್ನೆಗಳನ್ನು ಬಾಯಿಪಾಠ ಮಾಡುತ್ತಾರೆ, ನಾಲಗೆಯ ಚಿತ್ರ ಬರೆದು ಭಾಗಗಳನ್ನು ಗುರುತಿಸುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಇದಕ್ಕೆ ಅವರನ್ನು ದೂರಿ ಫಲವಿಲ್ಲ. ಕಲಿಯುವವರ ಕಿವಿಯಲ್ಲಿ ಈ ಮೊದಲು ಏನೂ ಇರಲಿಲ್ಲ ಎಂಬಂತೆ ನಾವು ಪಾಠ ಶುರುಮಾಡುತ್ತೇವೆ. ನಮ್ಮ ಮೂಡಣ ಸೀಮೆಯ ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು, ಕೋಲಾರದ ಮಕ್ಕಳ ಮಟ್ಟಿಗಂತೂ ಇದು ದೊಡ್ಡ ಅನ್ಯಾಯ. ಮುಳಬಾಗಿಲಿನ ಬಳಿಯ ಕುರುಡುಮಲೆಯ ಸುತ್ತಿನ ಊರುಗಳಲ್ಲಿ ಎಷ್ಟೋ ಮನೆಗಳ ಒಳಮಾತು ತೆಲುಗು, ಶಾಲೆಯ ಮಾತು ಕನ್ನಡ. ಸಂತೆಗೆ ಹೋದರೆ ಉರ್ದು ಕಿವಿಗೆ ಬೀಳುತ್ತದೆ, ಕೆಜಿಎಫ್ ಕಡೆಗೆ ಹೊರಟರೆ ತಮಿಳು. ಹತ್ತು ವರ್ಷದ ಮಗು ಇಲ್ಲಿ ಮೂರು ಭಾಷೆಗಳ ಧ್ವನಿವ್ಯವಸ್ಥೆಯನ್ನು ಯಾರೂ ಕಲಿಸದೆ ಬಲ್ಲದು.

ಈ ಉಪನ್ಯಾಸದಲ್ಲಿ ನಾನು ವಾದಿಸಬೇಕೆಂದಿರುವುದು ಇಷ್ಟು: ಇಂಗ್ಲಿಷಿನ ಧ್ವನಿಪಾಠವನ್ನು ಈ ಸೀಮೆಯಲ್ಲಿ ಈ ಸೀಮೆಯ ನುಡಿಗಳಿಂದಲೇ ಆರಂಭಿಸಬೇಕು. ನಾವು ಉಚ್ಚಾರದ ತಪ್ಪುಗಳು ಎಂದು ಕರೆಯುವ ಬಹುಪಾಲು ಸಂಗತಿಗಳು ನಮ್ಮ ನುಡಿಗಳ ನಿಯಮಗಳು. ಆ ನಿಯಮವನ್ನು ಗುರುತಿಸಿ ತೋರಿಸಿದರೆ, ಬೇಕಾದ ಕಡೆ ಅದನ್ನು ಉಳಿಸಿಕೊಂಡು ಬೇಡವಾದ ಕಡೆ ಬಿಡುವ ಶಕ್ತಿ ವಿದ್ಯಾರ್ಥಿಗೆ ಬರುತ್ತದೆ. ತಪ್ಪು ಎಂದು ಗದರಿಸಿದರೆ ಬಾಯಿ ಮುಚ್ಚಿಹೋಗುತ್ತದೆ, ಅಷ್ಟೇ.

ಮೊದಲು ಧ್ವನಿವಿಜ್ಞಾನವನ್ನು ನೋಡೋಣ. ಮಾತಿನ ಸದ್ದು ಬಾಯಿಯ ಯಾವ ಜಾಗದಲ್ಲಿ, ಯಾವ ಪ್ರಯತ್ನದಿಂದ ಹುಟ್ಟುತ್ತದೆ ಎಂಬುದರ ಅಧ್ಯಯನ ಇದು. ಈ ವಿದ್ಯೆಯನ್ನು ಹೊರಗಿನಿಂದ ಬಂದ ಹೊಸ ವಿದ್ಯೆ ಎಂದು ನಮ್ಮ ಹುಡುಗರು ತಿಳಿದಿದ್ದಾರೆ. ಅವರು ಒಂದನೆಯ ತರಗತಿಯಲ್ಲಿ ಕೂಗಿ ಕೂಗಿ ಕಲಿತ ವರ್ಣಮಾಲೆಯೇ ಒಂದು ಧ್ವನಿವಿಜ್ಞಾನದ ಪಟ್ಟಿ. ಕ, ಚ, ಟ, ತ, ಪ ಎಂದು ಐದು ವರ್ಗಗಳ ಮೊದಲ ಅಕ್ಷರಗಳನ್ನು ನಿಧಾನವಾಗಿ ಹೇಳಿ ನೋಡಿ: ಸದ್ದು ಹುಟ್ಟುವ ಜಾಗ ಗಂಟಲ ಕಡೆಯಿಂದ ತುಟಿಯವರೆಗೆ ಮುಂದೆ ಮುಂದೆ ಸರಿಯುತ್ತದೆ. ಒಂದೇ ವರ್ಗದೊಳಗೆ ಅಡ್ಡಲಾಗಿ ಹೋದರೆ ಕ ಅಘೋಷ, ಗ ಘೋಷ, ಖ ಮಹಾಪ್ರಾಣ, ಙ ಅನುನಾಸಿಕ. 1886ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಧ್ವನಿವಿಜ್ಞಾನ ಸಂಸ್ಥೆ ಮುಂದೆ ರೂಪಿಸಿದ ವ್ಯಂಜನಗಳ ಪಟ್ಟಿಯೂ ಇದೇ ಎರಡು ದಾರಿಗಳ ಮೇಲೆ ನಿಂತಿದೆ: ಸ್ಥಾನ ಮತ್ತು ಪ್ರಯತ್ನ. ಅವರು ತುಟಿಯಿಂದ ಹೊರಟು ಗಂಟಲಿಗೆ ಹೋಗುತ್ತಾರೆ, ನಮ್ಮ ಹಿಂದಿನವರು ಗಂಟಲಿನಿಂದ ಹೊರಟು ತುಟಿಗೆ ಬಂದರು.

ಇದು ಕಾಕತಾಳೀಯವಲ್ಲ. ಘೋಷ ಅಘೋಷಗಳ ಭೇದವನ್ನು ವೇದಗಳ ಉಚ್ಚಾರವನ್ನು ಕುರಿತ ಪ್ರಾತಿಶಾಖ್ಯ ಮತ್ತು ಶಿಕ್ಷಾ ಗ್ರಂಥಗಳು ಬಹು ಹಿಂದೆಯೇ ವಿವರಿಸಿದ್ದವು. 19ನೆಯ ಶತಮಾನದಲ್ಲಿ ಸಂಸ್ಕೃತ ವ್ಯಾಕರಣ ಯುರೋಪಿನ ವಿದ್ವಾಂಸರ ಕೈಸೇರಿದಾಗ ಈ ತಿಳಿವು ಅಲ್ಲಿನ ಧ್ವನಿವಿಜ್ಞಾನವನ್ನು ಗಾಢವಾಗಿ ಪ್ರಭಾವಿಸಿತು. ಡಬ್ಲ್ಯೂ.ಎಸ್. ಆ್ಯಲನ್ ಅವರು ಪ್ರಾಚೀನ ಭಾರತದ ಧ್ವನಿವಿಜ್ಞಾನವನ್ನು ಕುರಿತು 1953ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಕನ್ನಡದ ಮಟ್ಟಿಗೆ 13ನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಕೇಳಲು ಹತ್ತಿರವಾಗಿದ್ದ ಧ್ವನಿಗಳನ್ನು ರಳ, ಕುಳ, ಕ್ಷಳ ಎಂದು ಬೇರ್ಪಡಿಸಿ ತೋರಿಸಿದ್ದಾನೆ. ಬಳಕೆಯಲ್ಲಿ ಬೆರೆತುಹೋಗುತ್ತಿದ್ದ ಸದ್ದುಗಳನ್ನು ಹಾಗೆ ಬಿಡಿಸಬೇಕಾದರೆ ಕಿವಿ ಎಷ್ಟು ಚುರುಕಾಗಿರಬೇಕು! ಆದ್ದರಿಂದ ಕನ್ನಡ ವಿದ್ಯಾರ್ಥಿಗೆ ಧ್ವನಿವಿಜ್ಞಾನದ ಪರಿಭಾಷೆಯನ್ನು ಇಂಗ್ಲಿಷಿನಲ್ಲಿ ಉರುಹೊಡೆಸುವ ಮೊದಲು ಗಂಟಲ ಮೇಲೆ ಬೆರಳಿಟ್ಟು ಸ ಎನ್ನಿಸಿ. ಆಮೇಲೆ ಉರ್ದು ಬಲ್ಲ ಗೆಳೆಯ ಜ಼ಮೀನ್ ಎನ್ನುವಾಗ ಬರುವ ಮೊದಲ ಸದ್ದನ್ನು ಎನ್ನಿಸಿ. ಎರಡನೆಯ ಸಲ ಬೆರಳಿಗೆ ಕಂಪನ ತಿಳಿಯುತ್ತದೆ. ಘೋಷ ಎಂದರೆ ಏನೆಂಬುದು ಅಲ್ಲಿಗೆ ಮುಗಿಯಿತು.

ಈಗ ತಾನೆ ಬಂದ ಉದಾಹರಣೆಯನ್ನು ಇನ್ನೂ ಸ್ವಲ್ಪ ಹಿಗ್ಗಿಸಬೇಕು. ಇಂಗ್ಲಿಷಿನ ಜ಼ೂ, ಜ಼ೀರೊ ಪದಗಳ ಮೊದಲ ವ್ಯಂಜನ ಅಚ್ಚಗನ್ನಡದಲ್ಲಿಲ್ಲ, ಆದ್ದರಿಂದ ನಾವು ಜೂ, ಜೀರೊ ಎನ್ನುತ್ತೇವೆ. ಉರ್ದು ಮನೆಮಾತಿನ ಮಗುವಿಗೆ ಆ ಸದ್ದು ಹಾಲಿನ ಜೊತೆಗೆ ಬಂದಿದೆ. ತೆಲುಗು ಮನೆಮಾತಿನ ಮಗುವಿಗೂ ಅದು ಪೂರ್ತಿ ಅಪರಿಚಿತವಲ್ಲ, ಏಕೆಂದರೆ ತೆಲುಗಿನಲ್ಲಿ ಚ ಮತ್ತು ಜ ಅಕ್ಷರಗಳು ಅ, ಉ, ಒಗಳ ಮುಂದೆ ಹಲ್ಲಿನ ಹಿಂದೆ ಹುಟ್ಟುತ್ತವೆ. ಚಾಲಾ ಎಂಬ ಪದದ ಮೊದಲಲ್ಲಿ ತ್ ಮತ್ತು ಸ್ ಬೆರೆತ ಸದ್ದಿದೆ, ರೋಜು ಎಂಬುದರಲ್ಲಿ ದ್ ಮತ್ತು ಜ಼್ ಬೆರೆತ ಸದ್ದಿದೆ. ಇನ್ನು ಬ್ಯಾಂಕ್, ಕ್ಯಾಟ್ ಪದಗಳ ಸ್ವರ. ಅದಕ್ಕೆ ಕನ್ನಡ ವರ್ಣಮಾಲೆಯಲ್ಲಿ ಅಕ್ಷರವಿಲ್ಲವೆಂದು ನಾವು ಯಕಾರದ ಒತ್ತು ಹಾಕಿ ತೃಪ್ತಿಪಡುತ್ತೇವೆ. ತೆಲುಗಿನ ವಚ್ಚಾಡು ಎಂಬ ಕ್ರಿಯಾಪದವನ್ನು ಆಡುಮಾತಿನಲ್ಲಿ ಕೇಳಿ. ಬರವಣಿಗೆಯಲ್ಲಿ ಅಲ್ಲಿರುವುದು ಆಕಾರ, ಬಾಯಲ್ಲಿ ಬರುವುದು ಹೆಚ್ಚುಕಡಿಮೆ ಬ್ಯಾಂಕಿನ ಸ್ವರ. ಹೀಗೆ ಒಂದೇ ತರಗತಿಯ ಮೂರು ಬೆಂಚುಗಳಲ್ಲಿ ಇಂಗ್ಲಿಷಿನ ಕಠಿಣವೆನಿಸಿದ ಧ್ವನಿಗಳು ಚದುರಿ ಕುಳಿತಿವೆ. ಮಕ್ಕಳು ಪರಸ್ಪರ ಕಲಿಯಬಹುದಾದದ್ದನ್ನು ಧ್ವನಿಮುದ್ರಿಕೆಯಿಂದ ಮಾತ್ರ ಕಲಿಸಲು ನಾವು ಹೆಣಗುತ್ತೇವೆ.

ಇಲ್ಲಿಂದ ಧ್ವನಿಮಾವಿಜ್ಞಾನಕ್ಕೆ ಬರೋಣ. ಬಾಯಿ ಹುಟ್ಟಿಸುವ ಸದ್ದುಗಳು ಅಸಂಖ್ಯ. ಅವುಗಳಲ್ಲಿ ಯಾವುವು ಅರ್ಥವನ್ನು ಬದಲಿಸುತ್ತವೆ, ಯಾವುವು ಬದಲಿಸುವುದಿಲ್ಲ ಎಂಬುದನ್ನು ಪ್ರತಿಯೊಂದು ಭಾಷೆಯೂ ತಾನೇ ತೀರ್ಮಾನಿಸುತ್ತದೆ. ಹುಲಿ ಮತ್ತು ಹುಳಿ, ಬೆಲೆ ಮತ್ತು ಬೆಳೆ, ಮನೆ ಮತ್ತು ಮಣೆ: ಈ ಜೋಡಿಗಳಲ್ಲಿ ಒಂದೊಂದು ವ್ಯಂಜನ ಮಾತ್ರ ಬೇರೆ, ಅರ್ಥ ಪೂರಾ ಬೇರೆ. ಆದ್ದರಿಂದ ಲ ಮತ್ತು ಳ ಕನ್ನಡದಲ್ಲಿ ಎರಡು ಧ್ವನಿಮಾಗಳು. ಇಂಗ್ಲಿಷಿನ ಕಿವಿಗೆ ಬೆಲೆಯೂ ಬೆಳೆಯೂ ಒಂದೇ. ಅದರಂತೆಯೇ ವೈನ್ ಎಂಬ ಮದ್ಯದ ಹೆಸರೂ ವೈನ್ ಎಂಬ ಬಳ್ಳಿಯ ಹೆಸರೂ ಕನ್ನಡದ ಕಿವಿಗೆ ಒಂದೇ. ಮೊದಲನೆಯದರಲ್ಲಿ ಎರಡು ತುಟಿಗಳೂ ಗುಂಡಾಗುತ್ತವೆ, ಎರಡನೆಯದರಲ್ಲಿ ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟುತ್ತದೆ. ನಮ್ಮ ವಕಾರ ಎರಡರ ನಡುವೆ ಎಲ್ಲೋ ನಿಂತು ಎರಡಕ್ಕೂ ಸಲ್ಲುತ್ತದೆ.

ಧ್ವನಿಮಾ ಮತ್ತು ಅರ್ಥ ಬದಲಿಸದ ಅದರ ರೂಪವಾದ ಉಪಧ್ವನಿ ಎಂಬ ಪರಿಕಲ್ಪನೆಗಳು ಎಳೆಯರಿಗೆ ಬೇಗ ಹತ್ತುವುದಿಲ್ಲ. ಪಠ್ಯಗಳು ಯಾವಾಗಲೂ ಕೊಡುವ ಉದಾಹರಣೆ ಇಂಗ್ಲಿಷಿನ ಪಿನ್ ಮತ್ತು ಸ್ಪಿನ್. ಮೊದಲನೆಯ ಪದದಲ್ಲಿ ಪಕಾರದ ಜೊತೆ ಉಸಿರಿನ ಒಂದು ರಭಸ ಹೊರಬರುತ್ತದೆ, ಅಂಗೈಯನ್ನು ಬಾಯಿಯ ಮುಂದೆ ಹಿಡಿದರೆ ಗೊತ್ತಾಗುತ್ತದೆ. ಎರಡನೆಯದರಲ್ಲಿ ಅದಿಲ್ಲ. ಇಂಗ್ಲಿಷರು ಈ ಎರಡನ್ನೂ ಒಂದೇ ಸದ್ದೆಂದು ಕೇಳುತ್ತಾರೆ. ನಮ್ಮ ಲಿಪಿಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳಿಗೆ ಬೇರೆ ಬೇರೆ ಅಕ್ಷರಗಳಿವೆ, ದನ ಬೇರೆ, ಧನ ಬೇರೆ. ಆದರೂ ಹೆಚ್ಚಿನವರ ಆಡುಮಾತಿನಲ್ಲಿ ಮಹಾಪ್ರಾಣ ಉಳಿದಿಲ್ಲವೆಂದು ಡಿ.ಎನ್. ಶಂಕರ ಭಟ್ಟರಂಥ ವಿದ್ವಾಂಸರು ಬಲವಾಗಿ ವಾದಿಸಿದ್ದಾರೆ. ಧ್ವನಿಮಾ ಉಪಧ್ವನಿಗಳ ಭೇದಕ್ಕೆ ಪಕ್ಕದಲ್ಲೇ ಇನ್ನೂ ಸ್ಪಷ್ಟವಾದ ನಿದರ್ಶನವಿದೆ. ತಮಿಳಿನ ದೇಸಿ ಪದಗಳಲ್ಲಿ ಪ ಮತ್ತು ಬಗಳಿಗೆ ಒಂದೇ ಅಕ್ಷರ. ಪಾಲ್ ಎನ್ನುವಾಗ ಅದು ಪ, ತಂಬಿ ಎನ್ನುವಾಗ ಅನುನಾಸಿಕದ ಪಕ್ಕದಲ್ಲಿ ಅದೇ ಅಕ್ಷರ ಬ. ಎಲ್ಲಿ ಯಾವುದು ಬರುತ್ತದೆಂದು ಮೊದಲೇ ಹೇಳಬಹುದಾದ್ದರಿಂದ ಎರಡು ಅಕ್ಷರ ಬೇಕಾಗಲಿಲ್ಲ. ಕನ್ನಡಕ್ಕೆ ಬೇಕು, ಪಟ್ಟೆ ಬೇರೆ ಬಟ್ಟೆ ಬೇರೆ. ತಮಿಳಿನ ಪ ಮತ್ತು ಬ ಹೇಗೋ ಹಾಗೆ ಇಂಗ್ಲಿಷಿನ ಎರಡು ಪಕಾರಗಳು. ಮಾಲೂರಿನ ವಿದ್ಯಾರ್ಥಿಗೆ ಈ ಒಂದು ಮಾತು ಸಾಕು, ಪರಿಕಲ್ಪನೆ ಕೈಗೆ ಸಿಕ್ಕಂತೆ.

ಎರವಲು ಪದಗಳಲ್ಲಿ ನಮ್ಮ ಜನ ಮಾಡಿಕೊಂಡ ತೀರ್ಮಾನಗಳು ಇನ್ನೂ ಸ್ವಾರಸ್ಯಕರ. ಇಂಗ್ಲಿಷಿನ ಟೇಬಲ್, ಡಾಕ್ಟರ್ ಪದಗಳ ಮೊದಲ ವ್ಯಂಜನ ನಮ್ಮ ಟಕಾರವೂ ಅಲ್ಲ, ತಕಾರವೂ ಅಲ್ಲ. ನಾಲಗೆಯ ತುದಿ ಹಲ್ಲಿಗೂ ತಾಗದೆ, ಮೇಲಕ್ಕೆ ಮಡಿಸಿಕೊಳ್ಳದೆ, ಒಸಡಿನ ಮೇಲೆ ನಿಲ್ಲುತ್ತದೆ. ಕನ್ನಡಿಗರು ಅದನ್ನು ಮೂರ್ಧನ್ಯಕ್ಕೆ ಸೇರಿಸಿದರು. ತಕಾರವನ್ನು ಥಿಯೇಟರ್, ಥ್ಯಾಂಕ್ಸ್ ಮುಂತಾದವುಗಳ ಹಲ್ಲಿನ ಸದ್ದಿಗೆ ಮೀಸಲಿಟ್ಟರು. ಯಾವ ಮಂಡಳಿಯೂ ಸೇರಿ ಠರಾವು ಮಾಡಲಿಲ್ಲ. ಇಂಗ್ಲಿಷಿನಲ್ಲಿ ಬೇರೆಯಾಗಿದ್ದ ಎರಡು ಸಾಲುಗಳು ಕನ್ನಡದಲ್ಲೂ ಬೆರೆಯದೆ ಉಳಿದವು. ಓದು ಬರೆಹ ತಿಳಿಯದ ಲಕ್ಷಾಂತರ ಜನರ ಕಿವಿ ಒಮ್ಮತದಿಂದ ಮಾಡಿದ ಈ ವಿಂಗಡಣೆಯ ಮುಂದೆ ನನಗೆ ಗೌರವ ಹುಟ್ಟುತ್ತದೆ.

ಬಸ್ಸು ಎಂಬ ಪದಕ್ಕೂ ಅದೇ ಗೌರವ ಸಲ್ಲಬೇಕು. ಬಸ್ ಎನ್ನಬೇಕಾದ ಕಡೆ ಬಸ್ಸು ಎನ್ನುವುದು ಹಳ್ಳಿಗನ ಗುರುತು ಎಂದು ಬಹಳ ಮಂದಿ ಭಾವಿಸಿದ್ದಾರೆ. ಬಸ್ಸು, ಪೆನ್ನು, ಪಿನ್ನು, ಕಪ್ಪು ಇವುಗಳನ್ನು ಒಂದು ಕಡೆ ಇಡಿ, ಕಾರು, ರೋಡು, ರೈಲು, ಫೋನುಗಳನ್ನು ಇನ್ನೊಂದು ಕಡೆ ಇಡಿ. ಎಲ್ಲದರ ಕೊನೆಗೂ ಉಕಾರ ಬಂದಿದೆ, ಆದರೆ ಮೊದಲ ಗುಂಪಿನಲ್ಲಿ ಮಾತ್ರ ವ್ಯಂಜನ ಇಮ್ಮಡಿಯಾಗಿದೆ. ಬಸ್ಸು ಎನ್ನುವವರು ಯಾರೂ ಕಾರ್ರು ಎನ್ನುವುದಿಲ್ಲ, ರೋಡ್ಡು ಎನ್ನುವುದಿಲ್ಲ. ಕಾರಣ ಆ ವ್ಯಂಜನದ ಹಿಂದಿನ ಸ್ವರದ ಅಳತೆ. ಸ್ವರ ಹ್ರಸ್ವವಾದರೆ ವ್ಯಂಜನ ಇಮ್ಮಡಿಯಾಗುತ್ತದೆ, ದೀರ್ಘವಾದರೆ ಹಾಗೆಯೇ ಉಳಿಯುತ್ತದೆ. ಈಗ ಹಳಗನ್ನಡಕ್ಕೆ ಹೋಗಿ. ಅಲ್ಲಿ ಕಣ್, ಕಲ್, ಬಿಲ್ ಎಂದು ವ್ಯಂಜನಾಂತ ಪದಗಳಿದ್ದವು, ಕಾಲ್, ನೀರ್, ಊರ್ ಎಂದೂ ಇದ್ದವು. ಕನ್ನಡ ಪದಗಳು ಸ್ವರಾಂತವಾಗುತ್ತ ಬಂದಾಗ ಕಣ್ ಕಣ್ಣಾಯಿತು, ಕಲ್ ಕಲ್ಲಾಯಿತು, ಬಿಲ್ ಬಿಲ್ಲಾಯಿತು. ಕಾಲ್ ಕಾಲು ಆಯಿತು, ನೀರ್ ನೀರು ಆಯಿತು, ಊರ್ ಊರು ಆಯಿತು. ಕಲ್ಲು ಮತ್ತು ಕಾಲುಗಳಿಗೆ ಯಾವ ನಿಯಮವೋ ಬಸ್ಸು ಮತ್ತು ಕಾರುಗಳಿಗೂ ಅದೇ ನಿಯಮ. ಶತಮಾನಗಳ ಹಿಂದೆ ಕೆಲಸ ಮಾಡಿದ ನಿಯಮ ಮೋಟಾರು ವಾಹನ ಬಂದ ಕಾಲದಲ್ಲೂ ಚಾಚೂ ತಪ್ಪದೆ ಕೆಲಸ ಮಾಡಿತು. ಉರ್ದುವಿನ ಜ಼ಮೀನ್ ಜಮೀನು ಆದದ್ದೂ ಹೀಗೆಯೇ. ಧ್ವನಿಮಾವಿಜ್ಞಾನದ ಮೊದಲ ತರಗತಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಮಕ್ಕಳೇ ಇಪ್ಪತ್ತು ಪದ ಹುಡುಕಿ ತಂದು, ತಾವೇ ಗುಂಪು ಮಾಡಿ, ನಿಯಮವನ್ನು ತಾವೇ ಕಂಡುಕೊಳ್ಳಬಹುದು.

ಪದದ ಮೊದಲಲ್ಲೂ ಇಂಥದ್ದೇ ನಡೆಯುತ್ತದೆ. ಸಕಾರ ಮತ್ತು ಒಂದು ಸ್ಪರ್ಶವ್ಯಂಜನ ಕೂಡಿ ಪದ ಆರಂಭವಾಗುವುದು ದೇಸಿ ಕನ್ನಡದ ಜಾಯಮಾನವಲ್ಲ. ಸ್ಕೂಲಿಗೆ ಮುಂದೊಂದು ಇಕಾರ ಸೇರಿ ಇಸ್ಕೂಲು ಆಯಿತು, ಸ್ಟೇಷನ್ನಿನ ಸಕಾರ ಬಿದ್ದುಹೋಗಿ ಟೇಸನ್ನು ಆಯಿತು. ತೊಡಕು ಒಂದೇ, ಪರಿಹಾರ ಎರಡು. ಇಸ್ಕೂಲು ಎಂದು ನಾಚಿಕೊಳ್ಳುವ ಹುಡುಗನಿಗೆ ಹೇಳಬೇಕಾದ ಸಂಗತಿಯೊಂದಿದೆ: ಇದೇ ಮೂಲದ ಲ್ಯಾಟಿನ್ ಪದಕ್ಕೆ ಸ್ಪ್ಯಾನಿಷ್ ಭಾಷೆಯವರೂ ಮುಂದೆ ಎಕಾರ ಸೇರಿಸಿ ಎಸ್ಕ್ವೇಲಾ ಎನ್ನುತ್ತಾರೆ. ಅದು ಅವರ ದೇಶದ ಶಿಷ್ಟ ರೂಪ. ಅಲ್ಲಿ ಅದು ವ್ಯಾಕರಣ, ಇಲ್ಲಿ ಮಾತ್ರ ಗಾವಿಲತನ ಎನ್ನುವುದಕ್ಕೆ ಭಾಷಾವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ. ಇಂಗ್ಲಿಷ್ ಮಾತಾಡುವಾಗ ಇಕಾರವನ್ನು ಬಿಡಬೇಕು, ಕೊನೆಯ ಉಕಾರವನ್ನೂ ಬಿಡಬೇಕು. ಬಿಡುವುದು ಏಕೆಂದು ಗೊತ್ತಿದ್ದವರಿಗೆ ಬಿಡುವುದು ಕಷ್ಟವಲ್ಲ.

ಧ್ವನಿನಿಯಮ ಮತ್ತು ವ್ಯಾಕರಣ ಸಂಧಿಸುವ ಕಡೆ ಇಂಗ್ಲಿಷಿನ ಬಹುವಚನವಿದೆ. ಬರವಣಿಗೆಯಲ್ಲಿ ಬಹುಪಾಲು ಒಂದೇ ಅಕ್ಷರ, ಮಾತಿನಲ್ಲಿ ಮೂರು ರೂಪ. ಕ್ಯಾಟ್ ಪದದ ಕೊನೆ ಅಘೋಷ, ಅದರ ಮುಂದೆ ಸ್ ಬರುತ್ತದೆ. ಡಾಗ್ ಪದದ ಕೊನೆ ಘೋಷ, ಅದರ ಮುಂದೆ ಘೋಷವಾದ ಜ಼್ ಬರುತ್ತದೆ. ಬಸ್ ಪದದ ಕೊನೆಯೇ ಸಕಾರವಾದ್ದರಿಂದ ನಡುವೆ ಒಂದು ಸ್ವರ ಬಂದು ಇಜ಼್ ಆಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಎಲ್ಲ ಕಡೆಯೂ ಸ್ ಎಂದೇ ಹೇಳುತ್ತೇವೆ, ಕಾಗದದ ಮೇಲಿನ ಅಕ್ಷರ ನಮ್ಮನ್ನು ಹಾಗೆ ಎಳೆಯುತ್ತದೆ. ಪಕ್ಕದ ಧ್ವನಿಗೆ ಧ್ವನಿ ಹೊಂದಿಕೊಳ್ಳುವುದೆಂದರೆ ಸಂಧಿ. ಮಳೆ ಮತ್ತು ಕಾಲ ಕೂಡಿ ಮಳೆಗಾಲವಾದಾಗ ಅಘೋಷ ಕ ಘೋಷ ಗ ಆಗಿದೆ, ಕಣ್ ಮತ್ತು ಪನಿ ಕೂಡಿ ಕಂಬನಿಯಾದಾಗ ಪ ಬ ಆಗಿದೆ, ಣ್ ತುಟಿಯ ಅನುನಾಸಿಕವಾಗಿದೆ. ಇನ್ ಎಂಬ ನಿಷೇಧಾರ್ಥಕ ಪೂರ್ವಪ್ರತ್ಯಯ ಪಾಸಿಬಲ್ ಪದದ ಮುಂದೆ ಇಮ್ ಆಗುವುದೂ, ಲೀಗಲ್ ಪದದ ಮುಂದೆ ಇಲ್ ಆಗುವುದೂ, ರೆಗ್ಯುಲರ್ ಪದದ ಮುಂದೆ ಇರ್ ಆಗುವುದೂ ಇದೇ ಬಗೆಯ ಹೊಂದಾಣಿಕೆ. ಸಂಧಿ ಎಂಬ ನಮ್ಮ ಶಬ್ದವನ್ನೇ ಪಶ್ಚಿಮದ ಭಾಷಾವಿಜ್ಞಾನ ಪರಿಭಾಷೆಯಾಗಿ ಸ್ವೀಕರಿಸಿರುವಾಗ, ಎಂಟನೆಯ ತರಗತಿಯಲ್ಲಿ ಆದೇಶಸಂಧಿ ಓದಿದ ವಿದ್ಯಾರ್ಥಿಗೆ ಇದು ಹೊಸ ವಿಷಯವೆಂದು ಹೇಳುವುದು ನ್ಯಾಯವಲ್ಲ.

ಇಂಗ್ಲಿಷಿನ ಕಾಗುಣಿತದ ಗೊಂದಲವನ್ನು ಕುರಿತು ಹೆಚ್ಚು ಹೇಳುವುದಿಲ್ಲ. 1476ರಲ್ಲಿ ಕ್ಯಾಕ್ಸ್ಟನ್ ಲಂಡನ್ನಿನ ಪಕ್ಕದ ವೆಸ್ಟ್‌ಮಿನ್ಸ್ಟರಿನಲ್ಲಿ ಅಚ್ಚುಕೂಟ ತೆರೆದ ಮೇಲೆ ಕಾಗುಣಿತ ಕ್ರಮೇಣ ಹೆಚ್ಚುಕಡಿಮೆ ನೆಲೆನಿಂತಿತು, ಸ್ವರಗಳು ಮಾತ್ರ ಸರಿಯುತ್ತಲೇ ಹೋದವು. ಬ್ರಿಟಿಷ್ ಶಿಷ್ಟ ಉಚ್ಚಾರದ ಇಪ್ಪತ್ತು ಸ್ವರಗಳಿಗೆ ಐದೇ ಸ್ವರಾಕ್ಷರಗಳಿವೆ. ಸದ್ದು ಬದಲಾಗುವ ರೀತಿಗೆ ಮಾತ್ರ ನಮ್ಮ ಸೀಮೆ ಅಪರೂಪದ ಪ್ರಯೋಗಶಾಲೆಯಾಗಿದೆ. ಕೋಲಾರ ಕೆರೆಗಳ ನಾಡು. ಕನ್ನಡದಲ್ಲಿ ಕೆರೆ ಎನ್ನುವುದಕ್ಕೆ ತೆಲುಗಿನಲ್ಲಿ ಚೆರುವು ಎನ್ನುತ್ತಾರೆ, ಕಿವಿ ಎನ್ನುವುದಕ್ಕೆ ಚೆವಿ. ಇ ಮತ್ತು ಎಗಳ ಮುಂದಿನ ಮೂಲ ಕಕಾರವನ್ನು ಕನ್ನಡ ಉಳಿಸಿಕೊಂಡಿತು, ತೆಲುಗು ಚಕಾರವಾಗಿಸಿತು. ಮುಂಬದಿಯ ಸ್ವರ ಎದುರಿಗೆ ಬಂದಾಗ ನಾಲಗೆ ತಾಲುವಿನ ಕಡೆ ಸರಿಯುವುದರಿಂದ ಆಗುವ ಮಾರ್ಪಾಡು ಇದು. ಇಂಗ್ಲಿಷೂ ಇದೇ ಹಾದಿ ಹಿಡಿಯಿತು. ಅಲ್ಲಿ ಇಗರ್ಜಿಗೆ ಚರ್ಚ್ ಎನ್ನುತ್ತಾರೆ, ಸ್ಕಾಟ್ಲೆಂಡಿನಲ್ಲಿ ಅದೇ ಪದ ಕರ್ಕ್ ಎಂದು ಉಳಿದಿದೆ. ಕೆರೆಗೂ ಚೆರುವಿಗೂ ಇರುವ ಸಂಬಂಧವೇ ಕರ್ಕ್‌ಗೂ ಚರ್ಚಿಗೂ ಇದೆ. ಇನ್ನೊಂದು ಜೋಡಿ: ತೆಲುಗರ ಪಾಲು, ಪುಲಿ ಕನ್ನಡದಲ್ಲಿ ಹಾಲು, ಹುಲಿ ಆಗಿವೆ. ಸಂಸ್ಕೃತದ ಪಾದ, ಪಿತೃಗಳಲ್ಲಿ ಉಳಿದಿರುವ ಮೂಲ ಪಕಾರ ಇಂಗ್ಲಿಷಿನ ಫುಟ್, ಫಾದರ್ ಪದಗಳಲ್ಲಿ ಉಸಿರಾಗಿ ಸಡಿಲಿದೆ. 1822ರಲ್ಲಿ ಗ್ರಿಮ್ ಈ ಬಗೆಯ ಪಲ್ಲಟಗಳನ್ನು ಕ್ರಮಬದ್ಧವಾಗಿ ವಿವರಿಸಿದಾಗ ಅದು ಭಾಷಾವಿಜ್ಞಾನದ ದೊಡ್ಡ ಘಟ್ಟವಾಯಿತು. ಮನೆಯಲ್ಲಿ ಪಾಲು, ಶಾಲೆಯಲ್ಲಿ ಹಾಲು ಎನ್ನುವ ಮಗು ಅಂಥದೇ ಒಂದು ನಿಯಮವನ್ನು ದಿನವೂ ದಾಟಿ ಬರುತ್ತದೆ.

ಸಭಿಕರೆ, ಇನ್ನು ಒತ್ತಿನ ವಿಷಯ. ಬಿಡಿ ಧ್ವನಿಗಳಿಗೆ ನಾವು ಕೊಡುವ ಸಮಯದ ಅರ್ಧವನ್ನಾದರೂ ಪದದ ಒತ್ತಿಗೆ ಕೊಡಬೇಕೆಂದು ನನ್ನ ದೃಢವಾದ ಅಭಿಪ್ರಾಯ. ಭಾರತೀಯರ ಇಂಗ್ಲಿಷ್ ಬೇರೆಯವರಿಗೆ ಎಷ್ಟು ಅರ್ಥವಾಗುತ್ತದೆಂದು ಪರೀಕ್ಷಿಸಿದ ಆರ್.ಕೆ. ಬನ್ಸಲ್ ಅವರ 1969ರ ಅಧ್ಯಯನ, ಒತ್ತು ಸ್ಥಾನ ತಪ್ಪುವುದನ್ನು ತೊಡಕಿನ ಮುಖ್ಯ ಕಾರಣಗಳಲ್ಲಿ ಒಂದೆಂದು ಗುರುತಿಸಿತು. ಕನ್ನಡದಲ್ಲಿ ಒತ್ತು ಬದಲಾದರೆ ಪದದ ಅರ್ಥ ಬದಲಾಗುವುದಿಲ್ಲ. ನಮ್ಮ ಲಯ ಮಾತ್ರೆಯದು, ಲಘು ಗುರುಗಳದು. ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ಇಂಗ್ಲಿಷ್ ಗೀತಗಳನ್ನು ಹೊರತಂದಾಗ ಇಂಗ್ಲಿಷ್ ಪದ್ಯದ ಆಘಾತಲಯವನ್ನು ಕನ್ನಡದ ಮೇಲೆ ಹೇರಲಿಲ್ಲ, ಮಾತ್ರೆಯ ಗಣಗಳಲ್ಲೇ ಹೊಸ ಕಟ್ಟುಗಳನ್ನು ಹುಡುಕಿದರು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಅವರಿಗೆ ಎರಡೂ ಭಾಷೆಗಳ ನಾಡಿ ಗೊತ್ತಿತ್ತು.

ಕೋಲಾರದ ಮಾರುಕಟ್ಟೆಯಿಂದ ಲಾರಿಗಟ್ಟಲೆ ಹೊರಡುವ ಟೊಮೆಟೊ ಹಣ್ಣಿನ ಹೆಸರನ್ನೇ ತೆಗೆದುಕೊಳ್ಳಿ. ನಮ್ಮವರು ಟಮಾಟ, ಟೊಮೇಟೊ, ಟಮೋಟ ಎಂದು ಹಲವು ಬಗೆಯಾಗಿ ಹೇಳಿದರೂ ಮೂರೂ ಅಕ್ಷರಗಳಿಗೆ ಪೂರ್ತಿ ಸ್ವರ ಕೊಡುತ್ತಾರೆ. ಬ್ರಿಟಿಷ್ ಉಚ್ಚಾರದಲ್ಲಿ ಒತ್ತೆಲ್ಲ ನಡುವಿನ ಮಾ ಮೇಲೆ. ಮೊದಲ ಸ್ವರ ಕುಗ್ಗಿ, ಬಾಯಿ ಅರೆತೆರೆದ ಒಂದು ಮಂದ ಅಕಾರವಾಗುತ್ತದೆ. ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಸ್ವರ ಇದೇ, ಇದಕ್ಕೆಂದೇ ಒಂದು ಅಕ್ಷರ ಅವರ ಲಿಪಿಯಲ್ಲೂ ಇಲ್ಲ, ನಮ್ಮದರಲ್ಲೂ ಇಲ್ಲ. ಒತ್ತು ಪದರಚನೆಯ ಜೊತೆ ಸೇರಿದಾಗ ಇನ್ನೂ ಆಶ್ಚರ್ಯ. ಫೋಟೊಗ್ರಾಫ್ ಎನ್ನುವಾಗ ಒತ್ತು ಮೊದಲ ಅಕ್ಷರದ ಮೇಲೆ. ಇ ಪ್ರತ್ಯಯ ಸೇರಿ ಫೊಟಾಗ್ರಫಿ ಆದಾಗ ಒತ್ತು ಎರಡನೆಯದಕ್ಕೆ ಸರ್ರನೆ ಹೋಗುತ್ತದೆ, ಮೊದಲಿದ್ದ ಓಕಾರ ಕುಗ್ಗಿಹೋಗುತ್ತದೆ. ಇಕ್ ಪ್ರತ್ಯಯ ಸೇರಿ ಫೋಟೊಗ್ರ್ಯಾಫಿಕ್ ಆದಾಗ ಒತ್ತು ಮೂರನೆಯದಕ್ಕೆ. ಒಂದೇ ಧಾತುವಿನ ಮೂರು ಪದಗಳಲ್ಲಿ ಒತ್ತಿನ ಮೂರು ನೆಲೆಗಳು, ಅದಕ್ಕೆ ತಕ್ಕಂತೆ ಸ್ವರಗಳ ಮೂರು ಬಣ್ಣಗಳು. ಪರ್ಮಿಟ್, ರೆಕಾರ್ಡ್, ಇಂಪೋರ್ಟ್ ಪದಗಳಲ್ಲಿ ಒತ್ತು ಮೊದಲಲ್ಲಿದ್ದರೆ ನಾಮಪದ, ಕೊನೆಯಲ್ಲಿದ್ದರೆ ಕ್ರಿಯಾಪದ. ಪ್ರತ್ಯಯಗಳ ಪಟ್ಟಿಯನ್ನು ಒತ್ತಿನಿಂದ ಬೇರ್ಪಡಿಸಿ ಬೇರೊಂದು ಘಟಕದಲ್ಲಿ ಕಲಿಸುವ ಪದ್ಧತಿಯನ್ನು ನಾವು ಕೈಬಿಡಬೇಕು. ಪ್ರತ್ಯಯ ಹತ್ತಿದೊಡನೆ ಪದದ ದನಿಯೇ ಬದಲಾಗುವಾಗ ಅವೆರಡು ಬೇರೆ ಪಾಠಗಳಾಗುವುದು ಹೇಗೆ?

ಸಮಾಸಗಳಲ್ಲೂ ಹೀಗೆಯೇ. ಬ್ಲಾಕ್‌ಬೋರ್ಡ್ ಎಂದು ಮೊದಲ ಭಾಗಕ್ಕೆ ಒತ್ತು ಕೊಟ್ಟರೆ ತರಗತಿಯ ಹಲಗೆ, ಎರಡನೆಯದಕ್ಕೂ ಒತ್ತು ಬಿದ್ದರೆ ಕಪ್ಪಾದ ಯಾವುದೋ ಹಲಗೆ. ಎರಡು ಪದ ಕೂಡಿ ಒಂದಾಗಿದೆ ಎಂಬುದನ್ನು ಇಂಗ್ಲಿಷ್ ಒತ್ತಿನಿಂದ ತಿಳಿಸುತ್ತದೆ, ಕನ್ನಡ ಸಂಧಿಯಿಂದ ತಿಳಿಸುತ್ತದೆ: ಬೆಟ್ಟದಾವರೆ, ಕೆಂದಾವರೆ, ಹೆಬ್ಬಾಗಿಲು. ಕೂಡಿದ ಪದ ಬಳಕೆಯಲ್ಲಿ ಸವೆಯುವಾಗ ಎರಡೂ ಭಾಷೆಗಳು ಒಂದೇ ದಾರಿಗೆ ಬರುತ್ತವೆ. ಮೂಡಲ ಬಾಗಿಲು ಎಂಬುದೇ ಮುಳಬಾಗಿಲು ಆಯಿತೆಂಬ ಪ್ರಚಲಿತ ವಿವರಣೆಯಲ್ಲಿ ಮೊದಲ ದೀರ್ಘಸ್ವರ ಹ್ರಸ್ವವಾಗಿದೆ. ಹೋಲಿ ಮತ್ತು ಡೇ ಕೂಡಿದ ಹಾಲಿಡೇ, ಬ್ರೇಕ್ ಮತ್ತು ಫಾಸ್ಟ್ ಕೂಡಿದ ಬ್ರೆಕ್‌ಫಸ್ಟ್ ಪದಗಳಲ್ಲೂ ಹಾಗೆಯೇ ಆಗಿದೆ. ಸಮಾಸಗಳ ವರ್ಗೀಕರಣಕ್ಕಂತೂ ಇಂಗ್ಲಿಷ್ ವ್ಯಾಕರಣಕಾರರು ನಮ್ಮ ಬಹುವ್ರೀಹಿ ಎಂಬ ಪದವನ್ನೇ ಬಳಸುತ್ತಾರೆ. ರೆಡ್‌ಹೆಡ್ ಎಂದರೆ ಕೆಂಪು ತಲೆಯೆಂದಲ್ಲ, ಕೆಂಗೂದಲುಳ್ಳ ವ್ಯಕ್ತಿ. ಮುಕ್ಕಣ್ಣ ಎಂದರೆ ಮೂರು ಕಣ್ಣುಗಳೆಂದಲ್ಲ, ಶಿವ.

ಪದರಚನೆಯ ಉಳಿದ ಬಗೆಗಳಿಗೆ ಈ ಜಿಲ್ಲೆಯ ನಾಮಫಲಕಗಳನ್ನು ಓದಿದರೆ ಸಾಕು. ಕೋಲಾರ್ ಗೋಲ್ಡ್ ಫೀಲ್ಡ್ಸ್ ಎಂಬುದನ್ನು ಕೆಜಿಎಫ್ ಎಂದು ಅಕ್ಷರ ಬಿಡಿಸಿ ಹೇಳುತ್ತೇವೆ. ಅದರ ಪಕ್ಕದಲ್ಲೇ ಇರುವ ಭಾರತ್ ಅರ್ತ್ ಮೂವರ್ಸ್ ಲಿಮಿಟೆಡ್ ಕಾರ್ಖಾನೆಯನ್ನು ಅಕ್ಷರ ಕೂಡಿಸಿ ಬೆಮೆಲ್ ಎಂದು ಒಂದೇ ಪದವಾಗಿಸಿದ್ದೇವೆ. ಎರಡೂ ಮೊದಲಕ್ಷರಗಳಿಂದ ಹುಟ್ಟಿದವು. ಎರಡನೆಯದರಲ್ಲಿ ಸ್ವರ ಸರಿಯಾದ ಜಾಗದಲ್ಲಿದ್ದುದರಿಂದ ಪದವಾಗಿ ಓದಲು ಬಂತು, ಮೊದಲನೆಯದರಲ್ಲಿ ಸ್ವರವೇ ಇಲ್ಲ. 2001ರಲ್ಲಿ ಗಣಿ ಮುಚ್ಚಿದರೂ ಕೆಜಿಎಫ್ ಎಂಬ ಹೆಸರು ಮುಚ್ಚಲಿಲ್ಲ. ಅಲ್ಲಿನ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳಲ್ಲಿ ಆಂಗ್ಲ ಹೆಸರಿಗೆ ನಮ್ಮ ಪೇಟೆ ಅಂಟಿದೆ. ಸಂಸ್ಕೃತ ಕನ್ನಡಗಳನ್ನು ಬೆರೆಸಿದ ಸಮಾಸವನ್ನು ಅರಿಸಮಾಸವೆಂದು ನಿಯಂತ್ರಿಸಿದ ಹಿಂದಿನ ವ್ಯಾಕರಣಕಾರರಿಗೆ ಇದು ಒಪ್ಪಿಗೆಯಾಗುತ್ತಿತ್ತೋ ಇಲ್ಲವೋ, ಜನ ಒಪ್ಪಿಕೊಂಡರು. ಮೊಟಕುಪದಕ್ಕೆ ಉದಾಹರಣೆ ಬೇಕಾದರೆ ನಮ್ಮ ಹೊಲಗಳಲ್ಲೇ ಇದೆ. ಸಾವಿರ ಅಡಿಗೂ ಆಳಕ್ಕಿಳಿದ ಬೋರ್‌ವೆಲ್‌ಗಳ ಈ ನಾಡಿನಲ್ಲಿ ರೈತರು ಬೋರು ಕೊರೆಸಿದೆ, ಬೋರು ಬತ್ತಿತು ಎನ್ನುತ್ತಾರೆ. ಸಮಾಸದ ಎರಡನೆಯ ಭಾಗ ಬಿದ್ದಿದೆ, ಉಳಿದ ಭಾಗಕ್ಕೆ ಉಕಾರ ಬಂದಿದೆ, ಸ್ವರ ದೀರ್ಘವಾದ್ದರಿಂದ ವ್ಯಂಜನ ಇಮ್ಮಡಿಯಾಗಿಲ್ಲ. ಆಮ್ನಿಬಸ್ ಎಂಬ ಉದ್ದ ಪದದ ಬಾಲ ಮಾತ್ರ ಉಳಿದು ಬಸ್ ಆದದ್ದೂ ಮೊಟಕಿನಿಂದಲೇ. ಹೊಸ ಪದವನ್ನು ಕಟ್ಟುವುದರಲ್ಲೂ ನಾವು ಹಿಂದೆ ಬಿದ್ದಿಲ್ಲ. ಪೋಸ್ಟ್‌ಪೋನ್ ಎಂಬುದರ ಪೂರ್ವಪ್ರತ್ಯಯವನ್ನು ಬದಲಿಸಿ ಭಾರತೀಯರು ಬಳಕೆಗೆ ತಂದ ಪ್ರಿಪೋನ್ ಈಗ ಇಂಗ್ಲಿಷಿನ ದೊಡ್ಡ ನಿಘಂಟುಗಳಲ್ಲಿದೆ. ಇಂಗ್ಲಿಷಿನದೇ ಸಾಮಗ್ರಿ, ಇಂಗ್ಲಿಷಿನದೇ ನಿಯಮ, ಕಟ್ಟಿದ ಕೈ ನಮ್ಮದು.

ಹಲವು ನುಡಿಗಳ ನಡುವೆ ಇದ್ದೂ ಇಂಗ್ಲಿಷನ್ನು ಕೈವಶ ಮಾಡಿಕೊಂಡವರು ಈ ಸೀಮೆಗೆ ಹೊಸಬರಲ್ಲ. ಇಂಗ್ಲಿಷಿನಲ್ಲಿ ಎಂ.ಎ. ಮಾಡಿ ಕನ್ನಡದಲ್ಲಿ ಕಥೆ ಬರೆದ, ತಮಿಳು ಮನೆಮಾತಿನ ಮಾಸ್ತಿಯವರು ಮಾಲೂರು ತಾಲ್ಲೂಕಿನವರು. 1913ರಲ್ಲಿ ಇಂಗ್ಲಿಷ್ ಪತ್ರಿಕೆಯೊಂದನ್ನು ಆರಂಭಿಸಿ ನಡೆಸಿದ, ಮೆಟ್ರಿಕ್ಯುಲೇಷನ್ ದಾಟದ ಡಿ.ವಿ. ಗುಂಡಪ್ಪನವರು ಮುಳಬಾಗಿಲಿನವರು. ಹಲವು ನುಡಿಗಳ ನಡುವೆ ಬೆಳೆಯುವುದು ಇಂಗ್ಲಿಷಿಗೆ ಅಡ್ಡಿ ಎಂಬ ಮಾತು ಈ ಸೀಮೆಯಲ್ಲಿ ನಿಲ್ಲುವುದಿಲ್ಲ. ಪಠ್ಯಕ್ರಮ ರೂಪಿಸುವವರಲ್ಲಿ ನನ್ನ ವಿನಂತಿ ಇಷ್ಟೇ: ಮೊದಲ ನಾಲ್ಕು ವಾರ ಚಿಹ್ನೆಗಳ ಗೊಡವೆ ಬೇಡ. ವಿದ್ಯಾರ್ಥಿಗಳ ಮನೆಮಾತುಗಳ ಧ್ವನಿಗಳನ್ನು ಅವರಿಂದಲೇ ಪಟ್ಟಿ ಮಾಡಿಸಿ, ಎರವಲು ಪದಗಳ ನಿಯಮಗಳನ್ನು ಅವರಿಂದಲೇ ಹುಡುಕಿಸಿ, ಆಮೇಲೆ ಇಂಗ್ಲಿಷಿನ ಪಟ್ಟಿಯನ್ನು ಪಕ್ಕಕ್ಕಿಡಿ. ಒತ್ತಿನ ಅಭ್ಯಾಸ ಮೊದಲ ದಿನದಿಂದ ಕೊನೆಯ ದಿನದವರೆಗೂ ನಡೆಯಲಿ. ಬೆಂಗಳೂರಿನಲ್ಲಿ 1963ರಿಂದ ಇರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯೂ ಒಂದೇ ರಾಜ್ಯದಲ್ಲಿವೆ. ಗಡಿನಾಡಿನ ಕಾಲೇಜುಗಳಿಗೆ ಇಂಥದೊಂದು ಪಾಠಪುಸ್ತಕವನ್ನು ಕನ್ನಡದಲ್ಲಿ ಸಿದ್ಧಪಡಿಸಲು ಬೇಕಾದ ಎರಡೂ ಬಗೆಯ ಪರಿಣತಿ ನಮ್ಮಲ್ಲೇ ಇದೆ ಎಂದಾಯಿತು.

ಅಂಥ ಪುಸ್ತಕದ ಮೊದಲ ಅಭ್ಯಾಸಕ್ಕೆ ನಾನು ಸೂಚಿಸುವ ಪದ ಶ್ರೀನಿವಾಸಪುರದ ತೋಟಗಳಲ್ಲಿದೆ. ಮಾ ಎಂಬ ಮರದ ಹೆಸರಿಗೆ ಕಾಯ್ ಸೇರಿ, ನಡುವೆ ಅನುನಾಸಿಕ ಬಂದು, ಅದರ ಪಕ್ಕದ ಕಕಾರ ಘೋಷವಾಗಿ ತಮಿಳಿನ ಬಾಯಲ್ಲಿ ಮಾಂಗಾಯ್ ಆಯಿತು. ದಕ್ಷಿಣದ ಈ ಪದವನ್ನು ಪೋರ್ಚುಗೀಸರು ಮಾಂಗಾ ಎಂದು ಒಯ್ದರು, ಅವರಿಂದ ಇಂಗ್ಲಿಷಿಗೆ ಮ್ಯಾಂಗೊ ಬಂತು. ಆ ಪದದ ಗಕಾರ ಮಳೆಗಾಲದ ಗಕಾರದಂತೆಯೇ ಸಂಧಿಯಿಂದ ಹುಟ್ಟಿದ್ದು, ಮೊದಲ ಸ್ವರ ವಚ್ಚಾಡು ಪದದ ನಡುವಿನದು, ಒತ್ತು ಮೊದಲ ಅಕ್ಷರದ ಮೇಲೆ. ಅದಕ್ಕೆ ಬಹುವಚನ ಹಚ್ಚಿಸಿ, ಕೊನೆಯಲ್ಲಿ ಬರುವುದು ಸ್ ಅಥವಾ ಜ಼್ ಯಾವುದೆಂದು, ಏಕೆಂದು ವಿದ್ಯಾರ್ಥಿಗಳನ್ನೇ ಕೇಳಿ.